ನಿಮಗಿದು ಗೊತ್ತೆ? ಹೊಟ್ಟೆಯುರಿಗೆ ಮಿರ್ಚಿಯೊಂದೇ ಕಾರಣವಲ್ಲ

ಶಕ್ತಿನಗರದ ಥರ್ಮಲ್‌ನಲ್ಲಿ ರಾತ್ರಿ ಪಾಳಿ ಮುಗಿಸಿ, ದೇವಸುಗೂರಿನಲ್ಲಿ ಒಗ್ಗರಣೆ-ಮಿರ್ಚಿ ತಿಂದವರಿಗೆ ಹೊಟ್ಟೆ ಉರಿದರೆ ಬೈಗುಳ ಬೀಳುವುದು ಮಿರ್ಚಿಗೆ. ಖಾರ ಉರಿಯನ್ನು ಕೆಣಕುತ್ತದೆ, ನಿಜ. ಆದರೆ ವರ್ಷಗಟ್ಟಲೆ ಬಿಡದ ಜಠರದ ಒಳಪದರದ ಉರಿಯೂತಕ್ಕೆ ಹೆಚ್ಚಾಗಿ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸುರುಳಿ ಬ್ಯಾಕ್ಟೀರಿಯಾ.

1984ರಲ್ಲಿ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಇದನ್ನು ಬೆಳೆಸಿದ ದ್ರವವನ್ನು ತಾವೇ ಕುಡಿದುಬಿಟ್ಟರು! ಕೆಲವೇ ದಿನಗಳಲ್ಲಿ ವಾಂತಿ, ಎಂಡೋಸ್ಕೋಪಿಯಲ್ಲಿ ಉರಿಯೂತ. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು.

ಸೋಂಕು ಖಚಿತವಾದರೆ ಸಾಮಾನ್ಯವಾಗಿ 14 ದಿನ ಆಮ್ಲ ತಗ್ಗಿಸುವ ಮಾತ್ರೆ, ಎರಡು ಬಗೆಯ ಆಂಟಿಬಯೋಟಿಕ್, ಹಲವು ಸಲ ಬಿಸ್ಮತ್ ಕೂಡ. ಉರಿ ನಿಂತಿತೆಂದು ಐದನೇ ದಿನಕ್ಕೇ ಬಿಟ್ಟರೆ ಬ್ಯಾಕ್ಟೀರಿಯಾ ಆಮೇಲೆ ಮದ್ದಿಗೇ ಬಗ್ಗದಿರಬಹುದು. ಕೋರ್ಸ್ ಮುಗಿದು ಕನಿಷ್ಠ 4 ವಾರದ ನಂತರ ಉಸಿರಿನ ಇಲ್ಲವೇ ಮಲದ ಪರೀಕ್ಷೆ. ಅದಕ್ಕೆ 2 ವಾರ ಮೊದಲೇ ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ನಿಲ್ಲಿಸದಿದ್ದರೆ ಫಲಿತಾಂಶ ಸುಳ್ಳು ಹೇಳೀತು. ಅಂದಹಾಗೆ, ಆ ಮಾತ್ರೆ ನುಂಗಬೇಕಾದದ್ದು ತಿಂಡಿಗೆ ಅರ್ಧ ಗಂಟೆ ಮೊದಲು, ಮಿರ್ಚಿ ತಿಂದ ಮೇಲಲ್ಲ.

ಎಲ್ಲರದ್ದೂ ಸೋಂಕಲ್ಲ. ದೇವದುರ್ಗ, ಮಾನ್ವಿ ಕಡೆ ದಿನವಿಡೀ ಹತ್ತಿ ಬಿಡಿಸಿ, ಸೊಂಟನೋವಿಗೆಂದು ದಿನಾ ನುಂಗುವ ಡೈಕ್ಲೋಫೆನಾಕ್‌ನಂಥ ಗುಳಿಗೆಯೂ ಜಠರವನ್ನು ಕೆರೆಯುತ್ತದೆ. ಆಗ ವೈದ್ಯರನ್ನು ಕೇಳಿ ಗುಳಿಗೆ ಬದಲಿಸುವುದೇ ಮೊದಲ ಚಿಕಿತ್ಸೆ. ದೇಹದ ರಕ್ಷಣಾ ವ್ಯವಸ್ಥೆಯೇ ಜಠರದ ಮೇಲೆ ತಿರುಗಿಬಿದ್ದಿದ್ದರೆ ಬಿ12 ಇಂಜೆಕ್ಷನ್ ಬೇಕಾಗಬಹುದು.

ಮಲ ಡಾಂಬರಿನಂತೆ ಕಪ್ಪಗೆ ಜಿಗುಟಾದರೆ, ವಾಂತಿಯಲ್ಲಿ ರಕ್ತ ಕಂಡರೆ ಸೋಡಾ ಕುಡಿಯುತ್ತಾ ಕೂರಬೇಡಿ. ರಾಯಚೂರಿನ ರಿಮ್ಸ್‌ಗೋ ಹತ್ತಿರದ ಆಸ್ಪತ್ರೆಗೋ ಕೂಡಲೇ ಹೋಗಿ.