ಸ್ತ್ರೀಯರ ಉದ್ಯಮವೂ ಜಾಮೀನಿನ ಪ್ರಶ್ನೆಯೂ

ಸ್ತ್ರೀಯರ ಉದ್ಯಮಶೀಲತೆಯನ್ನು ಸಭೆಗಳಲ್ಲಿ ಕೊಂಡಾಡುವ ಮಹನೀಯರಿಗೆ ಈಚೆಗೆ ಕೊರತೆಯಿಲ್ಲ. ಹಾರ ತುರಾಯಿಗಳೂ ಆಗುತ್ತವೆ. ಆದರೆ ಅದೇ ಸ್ತ್ರೀಯು ಮರುದಿನ ಬ್ಯಾಂಕಿನ ಮೆಟ್ಟಿಲೇರಿ ಸಾಲವನ್ನು ಕೇಳಿದಳೆಂದರೆ ಹೊಗಳಿಕೆಯೆಲ್ಲವೂ ಅಡಗಿ, “ಯಜಮಾನರು ಬಂದಿಲ್ಲವೇ?” ಎಂಬ ಪ್ರಶ್ನೆಯೊಂದೇ ಉಳಿಯುವುದು. ನಮ್ಮ ಪರಿಚಯದ ಗೃಹಿಣಿಯೊಬ್ಬರು ಹನ್ನೊಂದು ವರ್ಷಗಳಿಂದ ಉಪ್ಪಿನಕಾಯಿ, ಚಟ್ನಿಪುಡಿಗಳ ವ್ಯಾಪಾರವನ್ನು ನಡೆಸುತ್ತಿರುವರು. ನಾಲ್ವರು ಹೆಂಗಸರಿಗೆ ಕೂಲಿ ಕೊಡುತ್ತಿರುವರು. ಅವರ ಲೆಕ್ಕದ ಪುಸ್ತಕವನ್ನು ನಾವೇ ನೋಡಿದ್ದೇವೆ. ನಮ್ಮ ಪತ್ರಿಕಾ ಕಚೇರಿಯ ಲೆಕ್ಕಕ್ಕಿಂತ ಅದು ಅಚ್ಚುಕಟ್ಟಾಗಿದೆಯೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಅವರಿಗೂ ಈ ಪ್ರಶ್ನೆಯೇ ಎದುರಾಯಿತು. 1872ನೆಯ ಇಸವಿಯ ಕರಾರು ಕಾಯಿದೆಯಾದರೋ, ಪ್ರಾಯಕ್ಕೆ ಬಂದು ಬುದ್ಧಿಸ್ವಾಸ್ಥ್ಯವುಳ್ಳವರ ಕರಾರನ್ನು ಒಪ್ಪುವುದೇ ಹೊರತು ಗಂಡನ ರುಜುವನ್ನು ಕೇಳುವುದಿಲ್ಲ.

ಈ ಸಂದರ್ಭದಲ್ಲಿ ಅಹಮದಾಬಾದಿನ ವೃತ್ತಾಂತವೊಂದನ್ನು ವಾಚಕರ ಮುಂದಿಡಬೇಕಾಗಿದೆ. ಮಹಾತ್ಮರ ನೆರಳಿನಲ್ಲಿ ಬೆಳೆದ ಅಲ್ಲಿಯ ಗಿರಣಿ ಕಾರ್ಮಿಕರ ಸಂಘದ ಮಹಿಳಾ ವಿಭಾಗದಿಂದ 1972ರಲ್ಲಿ ‘ಸೇವಾ’ ಎಂಬ ಸಂಸ್ಥೆಯು ಹುಟ್ಟಿತು. ಶ್ರೀಮತಿ ಇಳಾ ಭಟ್ಟರು ಅದರ ಸ್ಥಾಪಕರು. ತರಕಾರಿ ಮಾರುವವರು, ತಲೆಹೊರೆ ಹೊರುವವರು, ಹಳೆಯ ಬಟ್ಟೆಯ ವ್ಯಾಪಾರದವರು ಅದರ ಸದಸ್ಯರು. ಬೆಳಿಗ್ಗೆ ಐವತ್ತು ರೂಪಾಯಿ ಸಾಲ ತಂದು ಸಂಜೆಗೆ ಐವತ್ತೈದನ್ನು ತೀರಿಸುವ ಲೇವಾದೇವಿಗೆ ಅವರು ಸಿಕ್ಕಿದ್ದರು. 1969ರಲ್ಲಿ ರಾಷ್ಟ್ರೀಕೃತವಾದ ಬ್ಯಾಂಕುಗಳಿಗೆ ಅವರನ್ನು ಕರೆದೊಯ್ದುದೂ ಆಯಿತು. ಕಂಕುಳಲ್ಲಿ ಕೂಸು, ಮೈಮೇಲೆ ಮಾಸಿದ ಸೀರೆ. ಅಲ್ಲಿಯ ಗುಮಾಸ್ತರಿಗೆ ಇವರು ಗಿರಾಕಿಗಳೆಂದು ತೋರಲಿಲ್ಲ. ಆಗ ಸದಸ್ಯೆಯೊಬ್ಬಳು ಸಭೆಯಲ್ಲಿ ಎದ್ದು, ನಮ್ಮದೇ ಬ್ಯಾಂಕನ್ನು ಏಕೆ ತೆರೆಯಬಾರದೆಂದು ಕೇಳಿದಳು. ನಾಲ್ಕು ಸಾವಿರ ಹೆಂಗಸರು ತಲೆಗೆ ಹತ್ತು ರೂಪಾಯಿಯಂತೆ ಪಾಲು ಹಾಕಿದರು.

ರಿಜಿಸ್ಟ್ರಾರರ ಕಚೇರಿಯಲ್ಲಿ ಹೊಸ ಅಡ್ಡಿಯು ಬಂದಿತು. ಹೆಬ್ಬೆಟ್ಟಿನವರ ಬ್ಯಾಂಕು ಎಂದರೇನು? ದಸ್ತಾವೇಜಿಗೆ ರುಜು ಹಾಕಬೇಕಾಗಿದ್ದ ಹದಿನೈದು ಮಂದಿ ರಾತ್ರಿಯೆಲ್ಲ ಕುಳಿತು ತಮ್ಮ ತಮ್ಮ ಹೆಸರನ್ನು ತಿದ್ದಿ ಕಲಿತರು. ಬ್ಯಾಂಕು 1974ರಲ್ಲಿ ನೋಂದಣಿಯಾಯಿತು. ರುಜು ಬಾರದ ಖಾತೆದಾರಳ ಗುರುತಿಗೆ ಭಾವಚಿತ್ರವನ್ನು ಇಡುವ ಏರ್ಪಾಡನ್ನೂ ಮಾಡಿದರು. ಸಹಕಾರ ತತ್ತ್ವದ ಮೇಲೆ ಉಪನ್ಯಾಸಗಳನ್ನು ಕೇಳಿ ಕೇಳಿ ದಣಿದ ನಮಗೆ, ಆ ಒಂದು ರಾತ್ರಿಯ ಅಕ್ಷರಾಭ್ಯಾಸವು ಹೆಚ್ಚಿನದೆಂದು ತೋರುತ್ತದೆ.

ಮುಂಬಯಿಯ ಲಿಜ್ಜತ್ ಹಪ್ಪಳದ ಸಂಗತಿಯು ಅನೇಕರಿಗೆ ಗೊತ್ತೇ ಇದೆ. 1959ರ ಮಾರ್ಚ್ 15ರಂದು ಗಿರಗಾಂವಿನ ಮಾಳಿಗೆಯೊಂದರ ಮೇಲೆ ಏಳು ಮಂದಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲದಿಂದ ಅದನ್ನು ಆರಂಭಿಸಿದರು. ನಷ್ಟವಾದರೂ ಸರಿ, ದಾನವನ್ನು ಮುಟ್ಟುವುದಿಲ್ಲವೆಂಬುದು ಅವರ ನಿಯಮ. ಲಟ್ಟಿಸುವ ಹೆಂಗಸೇ ಅಲ್ಲಿ ಒಡತಿ. ಲಾಭನಷ್ಟಗಳೆರಡೂ ಅವಳ ಪಾಲಿಗೆ. ಅಂತಹ ಒಡತಿಯರು ಈಗ ಹತ್ತಾರು ಸಾವಿರ ಮಂದಿ ಇರುವರು. ಸ್ಥಾಪಕರಲ್ಲೊಬ್ಬರಾದ ಜಸ್ವಂತಿಬೆನ್ ಪೋಪಟರಿಗೆ ಪದ್ಮಶ್ರೀ ಬಂದುದು 2021ರಲ್ಲಿ.

ವಿದ್ಯಾವತಿಯರಿಗೆ ಈ ತೊಡಕಿಲ್ಲವೆಂದು ಹೇಳುವವರುಂಟು. ಕಿರಣ್ ಮಜುಂದಾರರು 1978ರಲ್ಲಿ ನಮ್ಮ ಬೆಂಗಳೂರಿನ ಬಾಡಿಗೆಯ ಮನೆಯ ಮೋಟಾರು ಕೊಟ್ಟಿಗೆಯಲ್ಲಿ ಹತ್ತು ಸಾವಿರ ರೂಪಾಯಿಗಳಿಂದ ಬಯೋಕಾನನ್ನು ತೊಡಗಿದಾಗ, ಪರದೇಶದಲ್ಲಿ ಕಲಿತುಬಂದ ಅವರಿಗೂ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು.

ಬ್ಯಾಂಕಿನವರ ಪಕ್ಷವನ್ನೂ ಹೇಳಬೇಕು. ಜಾಮೀನಿಲ್ಲದೆ ಠೇವಣಿದಾರರ ಹಣವನ್ನು ಕೊಡುವುದು ಅವರಿಗೆ ಸುಲಭವಲ್ಲ. ಜಾಮೀನಿಗೆ ಆಸ್ತಿ ಬೇಕು. ಆಸ್ತಿಯೋ ಗಂಡಸರ ಹೆಸರಿನಲ್ಲಿದೆ. ಅವಿಭಕ್ತ ಕುಟುಂಬದಲ್ಲಿ ಹೆಣ್ಣುಮಗಳಿಗೂ ಹುಟ್ಟಿನಿಂದಲೇ ಪಾಲೆಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲಿಯೂ ದೇಶಕ್ಕೆಲ್ಲ 2005ರಲ್ಲಿಯೂ ಜಾರಿಗೆ ಬಂದಿದೆ. ಆದರೂ ಮದುವೆಯ ಖರ್ಚೇ ಪಾಲೆಂದು ಹೇಳಿ ಹಕ್ಕುಬಿಡುಗಡೆ ಪತ್ರಕ್ಕೆ ತಂಗಿಯರಿಂದ ರುಜು ಪಡೆಯುವ ಅಣ್ಣಂದಿರು ನಮ್ಮ ಓದುಗರಲ್ಲಿಯೂ ಇರಬಹುದು. ಅಲ್ಲಿ ಮಾತ್ರ ಹೆಣ್ಣಿನ ರುಜುವೊಂದೇ ಸಾಕಾಗುತ್ತದೆ!

ನಮ್ಮ ಜಿಲ್ಲೆಯ ಸಹಕಾರಿ ಬ್ಯಾಂಕುಗಳ ನಿರ್ದೇಶಕರಲ್ಲಿ ನಮ್ಮ ಬೇಡಿಕೆಯು ಸಣ್ಣದು. ಐದು ವರ್ಷಗಳ ಲೆಕ್ಕವನ್ನು ತೋರಿಸುವ ಸ್ತ್ರೀಗೆ ಆ ಲೆಕ್ಕದ ಆಧಾರದ ಮೇಲೆಯೇ ಸಾಲವನ್ನು ವಿಚಾರಿಸಿರಿ; ಗಂಡನ ರುಜುವಿಗಾಗಿ ಅರ್ಜಿಯನ್ನು ಹಿಂದಿರುಗಿಸಬೇಡಿರಿ. ಮೇಲೆ ಹೇಳಿದ ಗೃಹಿಣಿಯ ಅರ್ಜಿಯು ಮಾವಿನಕಾಯಿಯ ಕಾಲ ಕಳೆದರೂ ಇತ್ಯರ್ಥವಾಗಿಲ್ಲ.