ಹಿತ್ತಲ ಹಳೇ ಹುಣಸೇಮರ: ಇಡೋದೋ, ಕಡಿಸೋದೋ?

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮಳೆ ಕಡಿಮೆ. ಹಿತ್ತಲಲ್ಲಿ ಒಂದು ಹುಣಸೆಯೋ ಬೇವೋ ಇದ್ದರೆ ಬೇಸಿಗೆಯಲ್ಲಿ ಅದೇ ನಮಗೂ ದನಕರುಗಳಿಗೂ ನೆರಳು. ಆದರೆ ಮುದಿಮರ ಮುರಿದು ಬಿದ್ದರೆ ಪ್ರಾಣಕ್ಕೇ ಅಪಾಯ.

ನಮ್ಮ ಹಿತ್ತಲ ಹುಣಸೇಮರದಲ್ಲಿ ಮೊಣಕಾಲೆತ್ತರಕ್ಕೆ ಒಂದು ಪೊಟರೆ ಐತೆ. "ಒಳಗೆಲ್ಲಾ ಟೊಳ್ಳು, ಕಡಿಸಿಬಿಡೋಣ" ಅಂತಾರೆ ಅಪ್ಪ. "ನಾನು ಸೊಸೆಯಾಗಿ ಬಂದಾಗಿಂದ ಹಣ್ಣು ಕೊಟ್ಟೈತೆ, ಬೇಡ" ಅಂತಾಳೆ ಅಜ್ಜಿ. ಯಾರ ಮಾತು ಸರಿ ಎಂದು ತಿಳಿಯಲು ಮರವನ್ನೇ ಪರೀಕ್ಷೆ ಮಾಡಬೇಕು. ಅದು ಹೀಗೆ:

1. ಬೇರು: ಬುಡದ ಸುತ್ತ ಮಣ್ಣು ಬಿರುಕು ಬಿಟ್ಟಿದೆಯೇ? ಒಂದು ಕಡೆ ಮಣ್ಣು ಎದ್ದು ಮರ ಹೊಸದಾಗಿ ವಾಲಿದೆಯೇ? ಬುಡದಲ್ಲಿ ಅಣಬೆ ಎದ್ದಿದೆಯೇ? ಇವು ಅಪಾಯದ ಗುರುತು. ಮೊಳಕಾಲ್ಮೂರು ಕಡೆ ನಮ್ಮ ಮಾವನ ಮನೆಯ ಬೇವು ಹಚ್ಚಹಸಿರಾಗಿತ್ತು. ಗೋಡೆಯ ಪಾಯಕ್ಕೆ ಅಗೆಯುವಾಗ ಒಂದು ಕಡೆಯ ಬೇರು ಕಡಿದಿದ್ದರು. ಭರಣಿ ಮಳೆಯ ಗಾಳಿಗೆ ಬುಡಸಮೇತ ಬಿತ್ತು.

2. ಕಾಂಡ: ಮರದ ನಡುವಿನ ಚೇಗು ಸತ್ತ ಕಟ್ಟಿಗೆ. ನೀರು ಏರೋದು ಅದರ ಹೊರಗಿನ ಹಸಿ ಕಟ್ಟಿಗೆಯಲ್ಲಿ. ಅದಕ್ಕೇ ಟೊಳ್ಳು ಮರವೂ ಚಿಗುರುತ್ತೆ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪಿನಲ್ಲಿ ಇಂಥ ಮುದಿಮರಗಳು ಎಷ್ಟೋ ಇವೆ. 2007ರಲ್ಲಿ ಆ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು.

ಆದರೆ ಬದುಕಿರೋದು ಬೇರೆ, ಗಟ್ಟಿ ಇರೋದು ಬೇರೆ. ಟೊಳ್ಳಿನ ಸುತ್ತ ಗಟ್ಟಿ ಕಟ್ಟಿಗೆ ತ್ರಿಜ್ಯದ ಮೂರನೇ ಒಂದು ಭಾಗದಷ್ಟಾದರೂ ಇರಬೇಕು ಎಂಬುದು ಒಂದು ಅಂದಾಜು. ಪೊಟರೆಯ ಬಾಯಿ ಅಗಲವಾಗಿದ್ದರೆ ಇನ್ನೂ ಹೆಚ್ಚು ಬೇಕು. ನಮ್ಮ ಮರಕ್ಕೆ ಹಗ್ಗ ಸುತ್ತಿ ಅಳೆದೆ: ಸುತ್ತಳತೆ 283 ಸೆಂ.ಮೀ. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ 90, ತ್ರಿಜ್ಯ 45. ಅಂದರೆ 15 ಸೆಂ.ಮೀ. ಬೇಕು. ಪೊಟರೆಯ ಬಾಯಿ ಚಿಕ್ಕದು, ಅಲ್ಲಿ ಕಟ್ಟಿಗೆ 20 ಸೆಂ.ಮೀ. ದಪ್ಪ ಇತ್ತು. ಸುತ್ತಲೂ ಮರದ ಕೊಡತಿಯಿಂದ ತಟ್ಟಿ ನೋಡಿದೆವು. ಎಲ್ಲೂ ತಮಟೆಯಂತೆ ಡಬಡಬ ಅನ್ನಲಿಲ್ಲ. ಪೊಟರೆಯೊಳಗೆ ಮಾತ್ರ ಕೈ ಹಾಕಬೇಡಿ, ಹಾವು ಇರ್ತಾವೆ.

3. ಕೊಂಬೆ: ಬೇಸಿಗೆಯಲ್ಲಿ ಎಲೆ ಉದುರಿದ ಮಾತ್ರಕ್ಕೆ ಕೊಂಬೆ ಸತ್ತಿತು ಅನ್ನಬಾರದು. ಸಣ್ಣ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರು ಕಂಡರೆ ಜೀವ ಐತೆ. ಒಣಗಿದ, ಸೀಳು ಬಿಟ್ಟ ದೊಡ್ಡ ಕೊಂಬೆ ಯಾವಾಗ ಬೇಕಾದರೂ ಬೀಳಬಹುದು.

4. ಮರದ ಕೆಳಗೆ: ಬಿದ್ದರೆ ಯಾರ ಮೇಲೆ ಬೀಳುತ್ತೆ? ಬಯಲಲ್ಲಿ ಒಣಕೊಂಬೆ ಇದ್ದರೆ ಚಿಂತೆಯಿಲ್ಲ. ಮನೆ, ಕೊಟ್ಟಿಗೆ, ಜೋಕಾಲಿ ಕೆಳಗಿದ್ದರೆ ಬಿಡುವಂತಿಲ್ಲ.

ನಮ್ಮ ಮರದಲ್ಲಿ ಮೇಕೆ ಹಟ್ಟಿಯ ಮೇಲೆ ಒಂದು ದಪ್ಪ ಕೊಂಬೆ ಒಣಗಿತ್ತು. ಮರ ಹತ್ತಿ ಪಳಗಿದವರಿಂದ ಅದನ್ನು ಇಳಿಸಿದೆವು, ಹಟ್ಟಿಯನ್ನು ಆಚೆ ಸರಿಸಿದೆವು. ಮರ ಉಳಿಯಿತು, ಅಪ್ಪನಿಗೂ ಸಮಾಧಾನವಾಯಿತು.

ಬೇರೇ ಹೋಗಿದ್ದರೆ, ಕಾಂಡದ ಕಟ್ಟಿಗೆ ತೆಳುವಾಗಿದ್ದರೆ, ಮನೆ ಪಕ್ಕದ ಮರವನ್ನು ಕಡಿಸೋದೇ ಸರಿ. ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, ಒಪ್ಪಿಗೆ ಬೇಕಾಗಬಹುದು. ಮುಂಗಾರಿಗೆ ಮುಂಚೆ ಒಂದು ಸಲ, ದೊಡ್ಡ ಗಾಳಿ ಬೀಸಿದ ಮೇಲೆ ಇನ್ನೊಂದು ಸಲ ನಿಮ್ಮ ಹಿತ್ತಲ ಮರವನ್ನೂ ದೊಡ್ಡವರ ಜೊತೆ ಸುತ್ತಿ ನೋಡಿ.