ಕಣ್ಣಿನ ಚೀಟಿಗೂ ಅವಧಿಯುಂಟು

ಕೊಯ್ಲು ಮುಗಿದ ಮೇಲೆ ಸಂಘದ ಕಚೇರಿಗೆ ಬಂದ ಸದಸ್ಯರೊಬ್ಬರು ಸ್ವಲ್ಪ ಸಿಟ್ಟಿನಲ್ಲಿದ್ದರು. ಸಿಟ್ಟು ಅಡಿಕೆ ಧಾರಣೆಯ ಮೇಲಲ್ಲ, ಕಾಫಿ ಧಾರಣೆಯ ಮೇಲೂ ಅಲ್ಲ. ಬೆಂಗಳೂರಿನಲ್ಲಿ ಓದುತ್ತಿರುವ ಅವರ ಮಗಳು ಕನ್ನಡಕದ ಬದಲು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಾಳೆ. ರಜೆಯಲ್ಲಿ ಊರಿಗೆ ಬಂದವಳು ಲೆನ್ಸ್ ಮುಗಿಯಿತೆಂದು ಹಳೆಯ ಚೀಟಿ ಹಿಡಿದು ಪೇಟೆಯ ಅಂಗಡಿಗೆ ಹೋದರೆ, "ಈ ಚೀಟಿಗೆ ಎರಡು ವರ್ಷವಾಯಿತು, ಪರೀಕ್ಷೆ ಮಾಡಿಸಿಕೊಂಡು ಹೊಸ ಚೀಟಿ ತನ್ನಿ" ಎಂದು ವಾಪಸು ಕಳಿಸಿದರಂತೆ.

"ಅವಳಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ ಮಾರಾಯ್ರೇ. ನಂಬರೂ ಅದೇ. ಹಾಲಿನ ಪೊಟ್ಟಣದ ಹಾಗೆ ಚೀಟಿಯೂ ಹಳಸುತ್ತದೆಯೇ? ಡಾಕ್ಟರೂ ಅಂಗಡಿಯವರೂ ಸೇರಿ ಮಾಡುವ ವ್ಯಾಪಾರವಲ್ಲದೆ ಮತ್ತೇನು?" ಎಂಬುದು ಅವರ ಪ್ರಶ್ನೆ.

ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಹಿರಿಯ ಸದಸ್ಯರು ಮೆಲ್ಲಗೆ, "ನಮ್ಮ ಹುಡುಗನನ್ನು ಯಾರೂ ಹಾಗೆ ವಾಪಸು ಕಳಿಸಲಿಲ್ಲ. ಕಳಿಸಿದ್ದರೆ ಒಳ್ಳೆಯದಿತ್ತು" ಎಂದರು. ಕಚೇರಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮೊದಲಿನವರ ಪ್ರಶ್ನೆಗೆ ಉತ್ತರವೂ ಎರಡನೆಯವರ ಮಾತಿಗೆ ಕಾರಣವೂ ಒಂದೇ ಕಡೆ ಇವೆ. ತೋಟದ ಮನೆಗಳ ಮಕ್ಕಳಲ್ಲಿ ಲೆನ್ಸ್ ಹಾಕುವವರು ಈಗ ಬಹಳ ಮಂದಿ ಇರುವುದರಿಂದ ಈ ವಿಷಯವನ್ನು ಸದಸ್ಯ ಬಾಂಧವರ ಮುಂದಿಡುವುದು ಅಗತ್ಯವೆಂದು ನಮಗೆ ತೋರಿತು.

ಕನ್ನಡಕವೇ ಬೇರೆ, ಲೆನ್ಸೇ ಬೇರೆ

ಕನ್ನಡಕ ಮೂಗಿನ ಮೇಲೆ ಕೂರುತ್ತದೆ. ಅದರ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ. ನಂಬರು ಸ್ವಲ್ಪ ತಪ್ಪಿದರೆ ತಲೆನೋವು ಬಂದೀತು, ಅಕ್ಷರ ಮಸುಕಾದೀತು, ಕಣ್ಣಿಗೆ ಗಾಯವಾಗದು. ಕಾಂಟ್ಯಾಕ್ಟ್ ಲೆನ್ಸ್ ಹಾಗಲ್ಲ. ಅದು ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪಟಲದ ಮೇಲೆಯೇ, ಕಣ್ಣೀರಿನ ತೆಳುವಾದ ಪದರದಲ್ಲಿ ತೇಲಿಕೊಂಡಿರುತ್ತದೆ. ಈ ಪಟಲಕ್ಕೆ ಕಾರ್ನಿಯಾ ಎಂದು ಹೆಸರು. ನಡುಭಾಗದಲ್ಲಿ ಅದರ ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಮಾತ್ರ.

ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಬೆಳಕು ಸರಿಯಾಗಿ ಹಾಯುತ್ತಿರಲಿಲ್ಲ. ಆದ್ದರಿಂದ ಅದು ತನಗೆ ಬೇಕಾದ ಆಮ್ಲಜನಕದ ಹೆಚ್ಚಿನ ಪಾಲನ್ನು ಗಾಳಿಯಿಂದಲೇ, ಕಣ್ಣೀರಿನ ಮೂಲಕ ಪಡೆದುಕೊಳ್ಳುತ್ತದೆ. ಲೆನ್ಸ್ ಹಾಕುವುದೆಂದರೆ ಆ ದಾರಿಗೆ ಒಂದು ತೆರೆ ಎಳೆದಂತೆ. ತೆರೆ ತೆಳ್ಳಗಿದ್ದು, ಅಳತೆಗೆ ಸರಿಯಾಗಿದ್ದರೆ ತೊಂದರೆಯಿಲ್ಲ. ಬಿಗಿಯಾಗಿದ್ದರೆ ಅಥವಾ ಹಗಲು ರಾತ್ರಿ ತೆಗೆಯದೇ ಇದ್ದರೆ ಕಾರ್ನಿಯಾ ಉಸಿರುಗಟ್ಟುತ್ತದೆ.

ಇಂದಿನ ಮೃದು ಲೆನ್ಸನ್ನು ಮೊದಲು ಮಾಡಿದವರು ಚೆಕೊಸ್ಲೊವಾಕಿಯದ ರಸಾಯನ ವಿಜ್ಞಾನಿ ಓಟ್ಟೋ ವಿಖ್ಟರ್ಲೆ. 1961ರ ಕ್ರಿಸ್ಮಸ್ ಸಮಯದಲ್ಲಿ ಅವರು ಮಕ್ಕಳ ಆಟಿಕೆಯ ಬಿಡಿಭಾಗಗಳನ್ನೂ ಸೈಕಲ್ಲಿನ ಡೈನಮೋವನ್ನೂ ಜೋಡಿಸಿ ಮನೆಯಲ್ಲೇ ಒಂದು ಯಂತ್ರ ಕಟ್ಟಿ ಅದರಲ್ಲಿ ಲೆನ್ಸ್ ತಯಾರಿಸಿದರು. 1971ರಲ್ಲಿ ಅಮೆರಿಕದ ಸರ್ಕಾರ ಮೃದು ಲೆನ್ಸ್ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. 1990ರ ದಶಕದ ಕೊನೆಗೆ ಹೆಚ್ಚು ಆಮ್ಲಜನಕ ಬಿಡುವ ಸಿಲಿಕೋನ್ ಬೆರೆತ ಲೆನ್ಸುಗಳು ಬಂದವು. ವಸ್ತು ಸುಧಾರಿಸಿದೆ, ಆದರೆ ಅದನ್ನು ಇಡುವ ಜಾಗ ಬದಲಾಗಿಲ್ಲ.

ಲೆನ್ಸಿನ ಚೀಟಿಯಲ್ಲಿ ನಂಬರು ಮಾತ್ರ ಇರುವುದಿಲ್ಲ. ಲೆನ್ಸಿನ ಒಳಬಾಗು ಎಷ್ಟು, ಅಗಲ ಎಷ್ಟು, ಯಾವ ತಯಾರಿಕೆ, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬುದೂ ಇರುತ್ತದೆ. ಮೃದು ಲೆನ್ಸಿನ ಅಗಲ ಸಾಮಾನ್ಯವಾಗಿ 14 ಮಿಲಿಮೀಟರ್ ಆಸುಪಾಸು. ಒಂದೇ ನಂಬರಿನ ಎರಡು ಲೆನ್ಸುಗಳಲ್ಲಿ ಒಂದು ಕಣ್ಣಿಗೆ ಸರಿಯಾಗಿ ಕೂತು, ಇನ್ನೊಂದು ಬಿಗಿಯಾಗಬಹುದು. ಕನ್ನಡಕದ ಚೀಟಿ ತೋರಿಸಿ ಲೆನ್ಸ್ ತರುವುದೂ ಸರಿಯಲ್ಲ. ಕನ್ನಡಕದಲ್ಲಿ ಮೈನಸ್ 6 ಇದ್ದವರಿಗೆ ಲೆನ್ಸಿನಲ್ಲಿ ಸುಮಾರು ಮೈನಸ್ ಐದೂವರೆ ಸಾಕಾಗುತ್ತದೆ.

ಚೀಟಿಗೆ ಅವಧಿ ಹಾಕಿದವರು ಯಾರು?

ಲೆನ್ಸಿನ ಚೀಟಿಗೆ ಕಾನೂನಿನಲ್ಲೇ ಅವಧಿ ಬರೆದಿರುವುದಕ್ಕೆ ಅಮೆರಿಕ ಒಳ್ಳೆಯ ಉದಾಹರಣೆ. ನಮ್ಮ ಎಷ್ಟೋ ಸದಸ್ಯರ ಮಕ್ಕಳು ಅಲ್ಲಿದ್ದಾರೆ. ಈ ನಿಯಮ ಅವರಿಗೆ ಗೊತ್ತಿರುತ್ತದೆ. 2003ರಲ್ಲಿ ಅಲ್ಲಿ ಒಂದು ಕಾಯಿದೆ ಆಯಿತು. ಅದರ ಪ್ರಕಾರ ಲೆನ್ಸ್ ಅಳತೆ ಮಾಡಿ ಮುಗಿಸಿದ ಕೂಡಲೆ ಡಾಕ್ಟರು ಚೀಟಿಯ ಪ್ರತಿಯನ್ನು, ಕೇಳದಿದ್ದರೂ, ಬೇರೆ ಹಣ ತೆಗೆದುಕೊಳ್ಳದೆ ರೋಗಿಯ ಕೈಗೆ ಕೊಡಬೇಕು. ರೋಗಿ ಅದನ್ನು ಹಿಡಿದು ಯಾವ ಅಂಗಡಿಯಲ್ಲಾದರೂ ಲೆನ್ಸ್ ಕೊಳ್ಳಬಹುದು. ಜೊತೆಗೆ ಆ ಚೀಟಿಗೆ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷದ ಅವಧಿ ಇರಬೇಕು. ಅದಕ್ಕಿಂತ ಕಡಿಮೆ ಮಾಡುವುದಾದರೆ ಡಾಕ್ಟರು ವೈದ್ಯಕೀಯ ಕಾರಣವನ್ನು ಬರೆದಿಡಬೇಕು.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಗಿರಾಕಿಯನ್ನು ಒಂದೇ ಅಂಗಡಿಗೆ ಕಟ್ಟಿಹಾಕುವುದಕ್ಕೆ ಬಂದ ಕಾಯಿದೆ ಇದಲ್ಲ, ಬಿಡಿಸುವುದಕ್ಕೆ ಬಂದದ್ದು. ಕೊಳ್ಳುವವನ ಪರವಾಗಿ ನಿಂತ ಆ ಕಾಯಿದೆಯೂ ಅವಧಿಯನ್ನು ಮಾತ್ರ ಕೈಬಿಡಲಿಲ್ಲ. ಆದ್ದರಿಂದ ಅವಧಿ ಎನ್ನುವುದೇ ವ್ಯಾಪಾರದ ಉಪಾಯ ಎಂಬ ಮಾತು ನಿಲ್ಲುವುದಿಲ್ಲ. ನಮ್ಮಲ್ಲಿ ಚೀಟಿ ನೋಡದೆಯೇ ಲೆನ್ಸ್ ಕೊಡುವ ಅಂಗಡಿಗಳೂ ಇವೆ. ಸುಲಭವಾಗಿ ಸಿಕ್ಕಿತೆಂದು ನಾವು ಸಂತೋಷಪಡುವುದು ಬೇಡ.

ಹಸುರಾಗಿ ನಿಂತ ಗಿಡ

"ಕಣ್ಣು ಚೆನ್ನಾಗಿ ಕಾಣುತ್ತದೆ, ಮತ್ತೆ ಪರೀಕ್ಷೆ ಏಕೆ?" ಎಂಬ ಪ್ರಶ್ನೆಗೆ ಅರೇಬಿಕಾ ಬೆಳೆಗಾರರಿಗೆ ಉತ್ತರ ಹೊಸದಲ್ಲ. ಬಿಳಿ ಕಾಂಡಕೊರಕದ ಹುಳು ಕಾಂಡದೊಳಗೆ ಸುರಂಗ ಕೊರೆಯುತ್ತಿರುವಾಗ ಗಿಡ ಮೇಲೆ ಹಸುರಾಗಿಯೇ ನಿಂತಿರುತ್ತದೆ. ಎಲೆ ಹಳದಿಯಾಗುವ ಹೊತ್ತಿಗೆ ಗಿಡ ಕೈಬಿಟ್ಟಿರುತ್ತದೆ. ಅದಕ್ಕಾಗಿಯೇ ವರ್ಷ ವರ್ಷವೂ ಆಳು ಹಚ್ಚಿ, ಕಾಂಡದ ಮೇಲಿನ ಉಬ್ಬು ಗೆರೆಗಳನ್ನು ನೋಡಿ ಹುಡುಕುತ್ತೇವೆ. ಗಿಡ ಚೆನ್ನಾಗಿ ಕಾಣುತ್ತದೆಂದು ಯಾರೂ ಸುಮ್ಮನಿರುವುದಿಲ್ಲ.

ಲೆನ್ಸಿನಿಂದ ಆಗುವ ಹಾನಿಯೂ ಹಲವು ಸಲ ನೋವಿಲ್ಲದೆ ಬೆಳೆಯುತ್ತದೆ. ಆಮ್ಲಜನಕ ಸಾಲದೆ ಹೋದರೆ ಬಿಳಿಗುಡ್ಡೆಯ ಕಡೆಯಿಂದ ಸಣ್ಣ ರಕ್ತನಾಳಗಳು ಕಾರ್ನಿಯಾದೊಳಕ್ಕೆ ಚಾಚಿಕೊಳ್ಳುತ್ತವೆ. ಮೇಲುರೆಪ್ಪೆಯ ಒಳಮೈಯಲ್ಲಿ ಗುಳ್ಳೆಗಳು ಏಳುತ್ತವೆ. ಕಣ್ಣೀರು ಕಡಿಮೆಯಾಗಿ ಲೆನ್ಸ್ ಉಜ್ಜಿದ ಕಡೆ ಗೀರುಗಳಾಗುತ್ತವೆ. ಇವಾವುವೂ ಮನೆಯ ಕನ್ನಡಿಯಲ್ಲಿ ಸುಲಭವಾಗಿ ಕಾಣುವಂಥವಲ್ಲ. ಡಾಕ್ಟರು ಸೂಕ್ಷ್ಮದರ್ಶಕದಂಥ ದೀಪದಲ್ಲಿ ನೋಡುತ್ತಾರೆ. ಹಳದಿ ಬಣ್ಣದ ಒಂದು ಹನಿ ಹಾಕಿ ನೀಲಿ ಬೆಳಕು ಬಿಟ್ಟರೆ ಗೀರು ಇದ್ದ ಕಡೆ ಹಸುರಾಗಿ ಹೊಳೆಯುತ್ತದೆ. ರೆಪ್ಪೆ ಮಗುಚಿ ನೋಡುತ್ತಾರೆ. ಕಣ್ಣು ಮಿಟುಕಿಸಿದಾಗ ಲೆನ್ಸ್ ಬೇಕಾದಷ್ಟು ಜರುಗುತ್ತದೆಯೇ ಎಂದು ಗಮನಿಸುತ್ತಾರೆ. ನಂಬರು ನೋಡುವುದು ಈ ಪರೀಕ್ಷೆಯ ಒಂದು ಭಾಗ ಮಾತ್ರ.

ನಂಬರಾದರೂ ನಿಂತಲ್ಲಿ ನಿಲ್ಲುವುದಿಲ್ಲ. ಓದುವ ವಯಸ್ಸಿನಲ್ಲಿ ಮೈನಸ್ ನಂಬರು ಏರುತ್ತಿರುತ್ತದೆ. ನಲವತ್ತರ ಹೊತ್ತಿಗೆ ಚಾಳೀಸು ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಏರಿಳಿದಂತೆ ನಂಬರೂ ಏರಿಳಿಯುವುದುಂಟು. ಹರೆಯದವರಲ್ಲಿ ಸಿಲಿಂಡರ್ ನಂಬರು ಮತ್ತೆ ಮತ್ತೆ ಏರುತ್ತಿದ್ದರೆ ಕಾರ್ನಿಯಾ ತೆಳ್ಳಗಾಗಿ ಶಂಕುವಿನಂತೆ ಮುಂದಕ್ಕೆ ಚಾಚುವ ಕೆರಟೋಕೋನಸ್ ಎಂಬ ರೋಗವಿರಬಹುದು. ಬೇಗ ಗೊತ್ತಾದರೆ ಅದು ಮುಂದುವರಿಯದಂತೆ ತಡೆಯುವ ಚಿಕಿತ್ಸೆ ಈಗ ಇದೆ. ಹತ್ತು ವರ್ಷ ಹಳೆಯ ಮಣ್ಣು ಪರೀಕ್ಷೆಯ ವರದಿ ಹಿಡಿದು ಈ ವರ್ಷ ಸುಣ್ಣ ಹಾಕುವ ಬೆಳೆಗಾರರು ನಮ್ಮಲ್ಲಿ ಯಾರಿದ್ದಾರೆ?

ಹಿರಿಯ ಸದಸ್ಯರ ಮಗನ ವಿಷಯ

ಹಿರಿಯ ಸದಸ್ಯರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಅವರ ಮಗ ಲೆನ್ಸ್ ಹಾಕಲು ತೊಡಗಿದ ಮೇಲೆ ಮೂರು ವರ್ಷ ಪರೀಕ್ಷೆಗೆ ಹೋಗಿರಲಿಲ್ಲ. ಅದೇ ನಂಬರು ಹೇಳಿ ತರಿಸಿಕೊಳ್ಳುತ್ತಿದ್ದ. ಕಾಫಿ ಕೊಯ್ಲಿಗೆ ಊರಿಗೆ ಬಂದಾಗ ಲೆನ್ಸ್ ತೊಳೆಯುವ ದ್ರಾವಣ ಮುಗಿಯಿತು. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿಯ ನೀರು. ಕುಡಿಯುವುದಕ್ಕೇ ಆಗುವ ನೀರು ಕಣ್ಣಿಗೆ ಆಗದೇ ಎಂದು ಅದರಲ್ಲೇ ತೊಳೆದ. ದಣಿದ ದಿನ ಲೆನ್ಸ್ ತೆಗೆಯದೆ ಮಲಗಿದ್ದೂ ಉಂಟು.

ಬಲಗಣ್ಣು ಕೆಂಪಾಯಿತು. ಬೆಳಕು ನೋಡಲಾಗದಷ್ಟು ನೋವು. ಕಸ ಬಿದ್ದಿರಬೇಕೆಂದು ಔಷಧಿ ಅಂಗಡಿಯಿಂದ ಹನಿ ತಂದು ಹಾಕಿದರು. ಹಾಗೆಯೇ ಹನ್ನೆರಡು ದಿನ ಕಳೆಯಿತು. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಕಾರ್ನಿಯಾವನ್ನು ಮೆಲ್ಲನೆ ಕೆರೆದು ಪರೀಕ್ಷಿಸಿದಾಗ ಅಕಾಂತಮೀಬಾ ಎಂಬ ಜೀವಿ ಕಂಡಿತು. ಮಣ್ಣು, ಕೆರೆ, ಬಾವಿ, ನಲ್ಲಿ ಎಲ್ಲೆಡೆಯೂ ಇರುವ ಏಕಕೋಶದ ಜೀವಿ ಇದು. ಲೆನ್ಸಿನಡಿ ಸಿಕ್ಕಿಕೊಂಡು ಕಾರ್ನಿಯಾದ ಗೀರಿನೊಳಗೆ ಇಳಿದರೆ ಬಿಡಿಸುವುದು ಬಹು ಕಷ್ಟ. ಮೊದಲ ದಿನಗಳಲ್ಲಿ ಹಗಲು ರಾತ್ರಿ ಗಂಟೆಗೊಮ್ಮೆ ಹನಿ ಹಾಕಿದರು. ಚಿಕಿತ್ಸೆ ಎಂಟು ತಿಂಗಳು ನಡೆಯಿತು. ಕಣ್ಣು ಉಳಿಯಿತು, ಆದರೆ ನಡುವೆ ಬಿಳಿಯ ಹೂ ಉಳಿದಿದೆ. ಆ ಕಣ್ಣಿನಲ್ಲಿ ಈಗ ಕೈಬೆರಳು ಎಣಿಸಬಲ್ಲ, ಅಕ್ಷರ ಓದಲಾರ.

ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದ್ದರೆ ಹೀಗಾಗುತ್ತಲೇ ಇರಲಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ "ಲೆನ್ಸನ್ನು ಯಾವುದರಲ್ಲಿ ತೊಳೆಯುತ್ತೀ? ಹಾಕಿಕೊಂಡೇ ಮಲಗುತ್ತೀಯಾ?" ಎಂದು ಕೇಳುವವರು ಮೂರು ವರ್ಷದಲ್ಲಿ ಒಬ್ಬರಾದರೂ ಇರುತ್ತಿದ್ದರು. "ಆ ಪ್ರಶ್ನೆಯನ್ನು ಮನೆಯಲ್ಲಿ ನಾವೂ ಕೇಳಲಿಲ್ಲ" ಎಂದು ತಂದೆ ಹೇಳಿದರು.

ತೋಟದ ಮನೆಯವರು ಗಮನಿಸಬೇಕಾದದ್ದು

ಪೇಟೆಯಲ್ಲಿ ಲೆನ್ಸ್ ಹಾಕುವವರಿಗಿಂತ ತೋಟದಲ್ಲಿ ಹಾಕುವವರಿಗೆ ಅಪಾಯ ಹೆಚ್ಚು. ಬಾಳೆಯ ಪನಾಮಾ ಸೊರಗು ರೋಗ ನಮಗೆ ಗೊತ್ತು. ಅದನ್ನು ತರುವ ಫ್ಯುಸೇರಿಯಂ ಬೂಷ್ಟಿನ ಕುಲದವೇ ಕೆಲವು ಮನುಷ್ಯನ ಕಾರ್ನಿಯಾವನ್ನೂ ಹಿಡಿಯುತ್ತವೆ. ಎಲೆ, ಕಡ್ಡಿ, ತೆನೆ ತಾಗಿ ಕಣ್ಣಿಗೆ ಬೂಷ್ಟು ಹಿಡಿಯುವುದು ನಮ್ಮ ದೇಶದ ರೈತರಲ್ಲಿ ಸಾಮಾನ್ಯ. ಆದ್ದರಿಂದ:

1. ಚೀಟಿಯ ಅವಧಿ ಮುಗಿದ ಮೇಲೆ ಪರೀಕ್ಷೆಯಿಲ್ಲದೆ ಲೆನ್ಸ್ ಕೊಳ್ಳಬೇಡಿ. ಅವಧಿ ಬರೆದಿಲ್ಲದಿದ್ದರೆ ವರ್ಷಕ್ಕೊಮ್ಮೆ ಎಂದೇ ಇಟ್ಟುಕೊಳ್ಳಿ.

2. ಚೀಟಿಯ ಅವಧಿ ಬೇರೆ, ಪೊಟ್ಟಣದ ಮೇಲಿನ ತಾರೀಖು ಬೇರೆ. ತಿಂಗಳ ಲೆನ್ಸ್ ಎಂದರೆ ಒಡೆದ ದಿನದಿಂದ ಒಂದು ತಿಂಗಳು. ಹಾಕಿದ ದಿನಗಳ ಲೆಕ್ಕವಲ್ಲ.

3. ಲೆನ್ಸಿಗೆ ನೀರು ತಾಗಿಸಬೇಡಿ. ಬಾವಿಯದಾಗಲಿ, ಅಬ್ಬಿಯದಾಗಲಿ, ಕಾಯಿಸಿ ಆರಿಸಿದ್ದಾಗಲಿ ಬೇಡ. ಎಂಜಲು ಖಂಡಿತ ಬೇಡ. ಸ್ನಾನಕ್ಕೂ ಹೊಳೆಗೂ ಇಳಿಯುವ ಮುಂಚೆ ತೆಗೆದಿಡಿ.

4. ಕೈಯನ್ನು ಸೋಪಿನಿಂದ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿದ ಮೇಲೆ ಲೆನ್ಸ್ ಮುಟ್ಟಿ. ಹಳೆಯ ದ್ರಾವಣದ ಮೇಲೆ ಹೊಸದನ್ನು ಸುರಿಯಬೇಡಿ. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ.

5. ಬೋರ್ಡೋ ಹೊಡೆಯುವಾಗ, ಅಡಿಕೆ ಕೊನೆ ತೆಗೆಯುವಾಗ, ನೆರಳು ಮರದ ಕೊಂಬೆ ಸವರುವಾಗ ಲೆನ್ಸ್ ಬೇಡ. ಕನ್ನಡಕ ಹಾಕಿ, ಮೇಲೆ ರಕ್ಷಣಾ ಕನ್ನಡಕವೂ ಇರಲಿ. ಆದ್ದರಿಂದ ಲೆನ್ಸ್ ಇರುವವರ ಮನೆಯಲ್ಲಿ ಸರಿಯಾದ ನಂಬರಿನ ಕನ್ನಡಕವೂ ಇರಲೇಬೇಕು.

6. ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ, ಮಂಜಾದರೆ ಕೂಡಲೆ ಲೆನ್ಸ್ ತೆಗೆದು ಅಂದೇ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ. ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಸೊಪ್ಪಿನ ರಸ, ಎದೆಹಾಲು ಹಾಕಬೇಡಿ. ಕೇಳಿ ತಂದ ಹನಿಯೂ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ರೋಗ ಒಳಗೇ ಬೆಳೆಯುತ್ತದೆ.

ಲೆನ್ಸ್ ಹಾಕದ ಹಿರಿಯರಿಗೂ ಒಂದು ಮಾತು. ಗ್ಲಾಕೋಮಾ ಎಂಬ ಕಣ್ಣಿನ ಒತ್ತಡದ ರೋಗದಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ, ಮೊದಮೊದಲು ತಿಳಿಯುವುದೂ ಇಲ್ಲ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಒಳಪದರವನ್ನು ತೋರಿಸಿಕೊಳ್ಳಬೇಕು. ಮಕ್ಕಳನ್ನು ಪರೀಕ್ಷೆಗೆ ಕರೆದೊಯ್ಯುವ ದಿನ ತಾವೂ ಒಮ್ಮೆ ತೋರಿಸಿಕೊಂಡರೆ ಬಸ್ಸಿನ ಖರ್ಚು ಉಳಿಯುತ್ತದೆ.

ಸಿಟ್ಟಾಗಿದ್ದ ಸದಸ್ಯರು ಮರುವಾರ ಮಗಳನ್ನು ಪರೀಕ್ಷೆಗೆ ಕರೆದುಕೊಂಡು ಹೋದರು. ನಂಬರು ಅವರು ಹೇಳಿದ್ದಂತೆ ಕೊಂಚವೂ ಬದಲಾಗಿರಲಿಲ್ಲ. ಆದರೆ ಎರಡೂ ಕಣ್ಣಿನ ಮೇಲುರೆಪ್ಪೆಯ ಒಳಗೆ ಗುಳ್ಳೆಗಳೆದ್ದಿದ್ದವು. ಒಂದು ತಿಂಗಳು ಲೆನ್ಸ್ ಬಿಟ್ಟು ಕನ್ನಡಕ ಹಾಕಬೇಕೆಂದೂ, ಆಮೇಲೆ ದಿನಕ್ಕೊಂದರಂತೆ ಬಿಸಾಡುವ ಲೆನ್ಸ್ ಹಾಕಬಹುದೆಂದೂ ಡಾಕ್ಟರು ಹೇಳಿದ್ದಾರೆ. ಹೊಸ ಚೀಟಿಯಲ್ಲಿ ಮುಂದಿನ ಪರೀಕ್ಷೆಯ ತಾರೀಖು ಬರೆದಿದೆ. ಅದನ್ನು ಅವರು ಕೊಯ್ಲಿನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡಿದ್ದಾರೆ. ಉಳಿದ ಸದಸ್ಯರೂ ಹಾಗೆಯೇ ಮಾಡುವರೆಂದು ನಂಬುತ್ತೇವೆ.